ಬೋರ್ಡು ಬೆಚ್ಚಿಬೀಳುವ ರೋಗ

"ಮೋದಿನಸಾಬಗ ಮಂದಿ ಮಾತಿಗಿಂತ ವಾಯರಿನ ಮಾತ ಚಲೋ ತಿಳೀತೈತಿ" ಎನ್ನುತ್ತಿದ್ದರು ನಿಡಗುಂದಿಯ ಅವನ ಓಣಿಯವರು. ಹೊಲದ ಪಂಪು ನಡೆಸುವ ಎಲೆಕ್ಟ್ರಾನಿಕ್ ಬೋರ್ಡು ಇದ್ದಕ್ಕಿದ್ದಂತೆ ನಿಂತು, ಎಲ್ಲ ಮರೆತು, ಮೊದಲಿನಿಂದ ಶುರುವಾಯಿತೆಂದರೆ ಪಕ್ಕದ ಮಸೂತಿ ಊರಿನಿಂದಲೂ ಅವನಿಗೇ ಕರೆ. ಬಂದವನು ಸ್ಕ್ರೂ ಮುಟ್ಟುತ್ತಿರಲಿಲ್ಲ. ಹಳೆಯ ರೇಡಿಯೋ ಒಂದನ್ನು ವಾಯರಿನುದ್ದಕ್ಕೂ ಹಿಡಿದು ಅದರ ಗರಗರ ಸದ್ದು ಎಲ್ಲಿ ಜೋರಾಗುತ್ತದೆಂದು ಕೇಳುತ್ತಿದ್ದ. "ಬೋರ್ಡಿಗೆ ಹುಚ್ಚ ಹಿಡದಿಲ್ರಿ ಗೌಡ್ರ, ಮಗ್ಗಲದಾಗ ಮೋಟಾರ ಚೀರಿದ್ರ ಪಾಪ ಬೆಚ್ಚಿ ಬೀಳತೈತಿ. ಹಸುಗೂಸನ್ನ ಬ್ಯಾಂಡಿನವರ ನಡುವ ಮಲಗಿಸೀರಲ್ಲ!" ಎಂದು ಬೈದು, ಎರಡು ವಾಯರುಗಳನ್ನು ಮೊಳದಷ್ಟು ದೂರ ಸರಿಸಿ, ಚಹಾ ಕುಡಿದು ಹೊರಡುತ್ತಿದ್ದ. ಆದರೆ ಅವನ ಮನೆಯಲ್ಲೇ, ಹೆಂಡತಿ ಲಾಲಬಿಗೆ ಉಸಿರು ಕೊಡುವ ಮಷೀನು ಹಾಗೆ ಬೆಚ್ಚುತ್ತಿತ್ತು. ಗೋಡೆಯಾಚೆ ಶೇವಂತೆವ್ವನ ಹಿಟ್ಟಿನ ಗಿರಣಿ. ಅದು ಚಾಲೂ ಆದಾಗೊಮ್ಮೆ ಮಷೀನು ನಿಂತು, ಯಾರಾದರೂ ಗುಂಡಿ ಒತ್ತಲಿ ಎಂದು ಕಾಯುತ್ತಿತ್ತು. ಏನು ಮಾಡಿದರೂ ಆ ರೋಗ ಬಿಡಲಿಲ್ಲ. ಕಡೆಗೆ ಮೋಟಾರು ಹಾಕುವ ಮುನ್ನ ಶೇವಂತೆವ್ವ ಗೋಡೆ ಬಡಿಯತೊಡಗಿದಳು. ಇವನು ಗುಂಡಿಯ ಮೇಲೆ ಬೆರಳಿಟ್ಟು "ಹೂಂ, ಹಾಕ್" ಎಂದ ಮೇಲೆಯೇ ಊರಿನ ಜೋಳ ಹಿಟ್ಟಾಗುತ್ತಿತ್ತು. ಅದಕ್ಕಾಗಿ ಅವನು ಪರ ಊರಿನ ಕೆಲಸವನ್ನೆಲ್ಲ ಬಿಟ್ಟ. ಎರಡು ವರ್ಷ ಹೀಗೆ ನಡೆದು, ಕಳೆದ ಚಳಿಗಾಲದಲ್ಲಿ ಲಾಲಬಿ ತೀರಿಕೊಂಡಳು. ಆಮೇಲೂ ಶೇವಂತೆವ್ವ ರೂಢಿಯಂತೆ ಗೋಡೆ ಬಡಿದು, ಇವನ "ಹೂಂ" ಕೇಳಿಯೇ ಗಿರಣಿ ಹಾಕುತ್ತಿದ್ದಳು. ಮನೆ ಖಾಲಿ ಮಾಡಿ ಸಿಂದಗಿಯ ಮಗಳ ಕಡೆ ಹೊರಟ ದಿನ, ಗಿರಣಿಯ ಮುಂದೆ ಡಬ್ಬಿ ಹಿಡಿದ ಹೆಂಗಸರು ಸಾಲಾಗಿ ನಿಂತಿದ್ದರು. ಶೇವಂತೆವ್ವ ಸ್ವಿಚ್ಚಿನ ಮೇಲೆ ಕೈಯಿಟ್ಟು, ಹಾಕಲಾರದೆ, ಅವನನ್ನೇ ನೋಡುತ್ತಿದ್ದಳು. ಬೀಗ ಹಾಕಿ ಕಟ್ಟೆ ಇಳಿದ ಮೋದಿನಸಾಬ, "ಚಾಲೂ ಮಾಡಬೇ ಯಕ್ಕಾ, ಒಳಗ ಯಾರೂ ಇಲ್ಲ" ಎಂದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.