ಕೋಟೆಯಣ್ಣನ ಬೆನ್ನಿಗೆ ಬಿದ್ದ ಈಟಿ

ಆ ನಾಟಕ ಕಂಪನಿಯಲ್ಲಿ ಅವನ ಹುಟ್ಟುಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ. ಕೋಟೆ ಕಾಯುವ ವೀರನ ಪಾತ್ರ ಮಾಡಿ ಮಾಡಿ ಕೋಟೆಯಣ್ಣನಾಗಿದ್ದ. ಈಟಿ ಹಿಡಿದು ಬರುವ ಎದುರಾಳಿ ದಂಡನಾಯಕನ ಪಾತ್ರದವನನ್ನು ಈಟಿ ಎಂದೇ ಕರೆಯುತ್ತಿದ್ದರು. ರಂಗದ ಮೇಲೆ ಹಾವು ಮುಂಗುಸಿ. ಕೆಳಗಿಳಿದರೂ ಹೆಚ್ಚುಕಡಿಮೆ ಅಷ್ಟೇ. ನಾಯಕನ ಪಾತ್ರ ತನಗೆ ಬರಬೇಕಿತ್ತೆಂಬ ಹೊಟ್ಟೆಯುರಿ ಈಟಿಯದು. ಮಾಲೀಕನಿಗೆ ಆ ಜಗಳ ಸಕ್ಕರೆ. "ಇಬ್ಬರ ಹಗೆ ನಿಜವಂತೆ" ಎಂದು ಸಾರಿಸಿಯೇ ಟಿಕೆಟ್ ಮಾರುತ್ತಿದ್ದ.

ಕೊನೆಯ ದೃಶ್ಯದಲ್ಲಿ ದಂಡನಾಯಕ ಸಂಧಿಯ ಮಾತು ಕೊಡುತ್ತಾನೆ. ನಂಬಿದ ವೀರ ಕತ್ತಿ ಕೆಳಗಿಟ್ಟು ಬೆನ್ನು ತಿರುಗಿಸುತ್ತಾನೆ. ತಿವಿಯುವ ಮೊದಲು ಈಟಿ ಹಿಮ್ಮಡಿಯಿಂದ ರಂಗದ ಹಲಗೆಯನ್ನು ಒಮ್ಮೆ ಗುದ್ದಬೇಕು. ಆ ಸದ್ದಿಗೆ ಕೋಟೆಯಣ್ಣ ಮೈ ಓರೆ ಮಾಡಿದರೆ ಮೊನೆ ಕಂಕುಳಡಿ ಹಾದುಹೋಗುತ್ತದೆ.

ಆದರೆ ಆ ಸದ್ದು ಕೋಟೆಯಣ್ಣನಿಗೆ ಕೇಳದೆ ಬಹಳ ಕಾಲವಾಗಿತ್ತು. ಕೋಟೆ ಒಡೆಯುವ ದೃಶ್ಯಕ್ಕೆ ಮಾಲೀಕ ಸಿಡಿಸುತ್ತಿದ್ದ ಮದ್ದು ಕಿವಿ ತಿಂದಿತ್ತು. ಬಾಯಿಬಿಟ್ಟರೆ ಪಾತ್ರ ಹೋಗುತ್ತದೆ. ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದ. ಬೆನ್ನ ಹಿಂದಿನ ಗುದ್ದು ಹಲಗೆಯಲ್ಲಿ ನಡುಗಿ ಅಂಗಾಲಿಗೆ ಮುಟ್ಟುತ್ತಿತ್ತು. ಇದನ್ನು ಪತ್ತೆ ಮಾಡಿದವನು ಈಟಿಯೊಬ್ಬನೇ. ದಿನಾ ಮೈಗೆ ಮೈ ಕೊಟ್ಟು ಕಾದಾಡುವವನಿಂದ ಏನನ್ನು ಮುಚ್ಚಿಡಲಾದೀತು?

"ಧಣಿಗೆ ಹೇಳ್ತೀಯೇನೋ?"

"ಹೋಗೋ ಕಿವುಡ! ನಿನ್ನ ಸೋಲ್ಸೋಕೆ ನಂಗೆ ಚಾಡಿ ಬೇರೆ ಬೇಕಾ?"

ಅಂದಿನಿಂದ ಈಟಿ ಇನ್ನೂ ಜೋರಾಗಿಯೇ ಗುದ್ದುತ್ತಿದ್ದ. ಹಗೆಗೂ ಒಂದು ಮರ್ಯಾದೆ ಇದೆಯೆಂದು ಕೋಟೆಯಣ್ಣ ನಂಬಿದ.

ಹೊಸ ನಾಟಕದ ನಾಯಕನೂ ಕೋಟೆಯಣ್ಣನೇ ಎಂದು ಮಾಲೀಕ ಹೇಳಿದ ಮರುದಿನ, ಮಧ್ಯಾಹ್ನದ ಆಟ. ಈಟಿ ದಿನಾ ನಿಲ್ಲುವ ಜಾಗ ಬಿಟ್ಟು, ಹಿಂದಿನ ದೃಶ್ಯ ಮುಗಿದ ಮೇಲೆ ಅಲ್ಲೇ ಮಡಿಸಿಟ್ಟ ಡೇರೆ ಬಟ್ಟೆಯ ಮೇಲೆ ನಿಂತು ಗುದ್ದಿದ. ಅಂಗಾಲಿಗೆ ಏನೂ ಬರಲಿಲ್ಲ. ತಗಡಿನ ಮೊನೆ ಬಲ ಹೆಗಲಿಗೆ ಇಳಿಯಿತು. ಬಿದ್ದಲ್ಲಿಂದ ಕೋಟೆಯಣ್ಣನಿಗೆ ಕಂಡದ್ದು ಬಟ್ಟೆಯಲ್ಲಿ ಹೂತಿದ್ದ ಆ ಹಿಮ್ಮಡಿ. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಅಷ್ಟು ಚೆನ್ನಾಗಿ ಅವನು ಯಾವತ್ತೂ ಸತ್ತಿರಲಿಲ್ಲ.

ಗಾಯ ಮಾಯಿತು, ಕೈ ಮೇಲೇಳಲಿಲ್ಲ. ಕಂಪನಿಯ ಬಟ್ಟೆ ಹೊಲಿಯುತ್ತಿದ್ದ ಹೆಂಡತಿ ಕೆರಳಿದಳು: "ಬಾಯಿ ಹೊಲ್ಕೊಂಡು ಕೂತ್ರೆ ಅನ್ನ ಬರತ್ತೇನ್ರೀ? ಹೋಗಿ ಧಣಿಗೆ ಹೇಳಿ!"

ಹೋದ. ಮಾಲೀಕನ ಕೋಣೆಯಲ್ಲಿ ಈಟಿಯೂ ಇದ್ದ.

"ನಾನು ಗುದ್ದಿದೆ ಧಣಿ, ಎಲ್ರೂ ನೋಡಿದಾರೆ. ಇವ್ನೇ ತಿರುಗ್ಲಿಲ್ಲ."

"ಬಟ್ಟೆ ಮೇಲೆ ಗುದ್ದಿದ."

"ಬಟ್ಟೆ ಮೇಲಾದ್ರೇನಯ್ಯಾ? ನೀನು ಹತ್ರದಲ್ಲೇ ಇದ್ದೆ, ಕೇಳಿಸಲ್ವಾ?" ಎಂದ ಮಾಲೀಕ.

ಸುಮ್ಮನಿದ್ದರೆ ತಪ್ಪು ತನ್ನದು. ಹೇಳಿದರೆ ಕೆಲಸವೇ ಹೋಯಿತು. ಕೋಟೆಯಣ್ಣ ಹೇಳಿಯೇಬಿಟ್ಟ.

"ಕೇಳ್ಸಲ್ಲ ಧಣಿ. ನಿಮ್ಮ ಮದ್ದು ನನ್ನ ಕಿವಿ ತಿಂದ್ಹಾಕ್ತು. ಇವನಿಗೆ ಗೊತ್ತಿತ್ತು."

ಈಟಿ ನೆಲ ನೋಡಿದ.

"ಕಿವುಡನ್ನ ಇಟ್ಕೊಂಡು ಆಟ ಆಡಿಸ್ತಿದ್ನಾ ನಾನು?" ಮಾಲೀಕ ಮದ್ದಿನ ಸುದ್ದಿಯನ್ನೇ ಎತ್ತಲಿಲ್ಲ. "ನಾಳೆಯಿಂದ ಬರ್ಬೇಡ."

ಹೊಸ ನಾಯಕ ಈಟಿಯಾದ. ಅವನ ಅಂಗಿಯ ಬಟ್ಟೆ ಹೊಲಿಗೆಗೆಂದು ಮನೆಗೇ ಬಂತು. ಹೆಂಡತಿ ಅದನ್ನು ಬಾಗಿಲಾಚೆ ಎಸೆದಳು. ಮನೆಗೆ ಬರುವ ಕೂಲಿ ಈಗ ಅದೊಂದೇ. ಕೋಟೆಯಣ್ಣ ಎಡಗೈಯಲ್ಲಿ ಬಟ್ಟೆ ಎತ್ತಿ ಮಣ್ಣು ಕೊಡವಿ ಅವಳ ಮಡಿಲಿಗಿಟ್ಟ.

"ಕಂಕುಳ ಹತ್ರ ಬಿಗಿ ಮಾಡ್ಬೇಡ ಕಣೇ. ಕತ್ತಿ ಎತ್ತೋವಾಗ ಹಿಡಿಯತ್ತೆ."

ಅವಳು ಇಬ್ಬರನ್ನೂ ಬೈಯುತ್ತಲೇ ಸೂಜಿಗೆ ದಾರ ಪೋಣಿಸಿದಳು.