ತಾಟಿನ ಅಂಚಿನ ಉಪ್ಪು

ಇವತ್ತು ಬೆಳಿಗ್ಗೆ ಬ್ಯಾಡಗಿಯಿಂದ ಬಂದ ಪರಿಚಯದವರೊಬ್ಬರು ರಾಣೆಬೆನ್ನೂರಿನ ನಮ್ಮ ಮನೆಗೆ ಒಂದು ಪುಟ್ಟ ಸ್ಟೀಲ್ ಡಬ್ಬಿ ಕೊಟ್ಟು ಹೋದರು. ಮುಚ್ಚಳ ತೆಗೆದೆ ನೋಡಿ, ಬೆಳ್ಳುಳ್ಳಿ, ನಿಂಬೆ, ಕೆಂಪು ಮೆಣಸಿನಕಾಯಿ ಮೂರೂ ಒಟ್ಟಿಗೇ ಮೂಗಿಗೆ ಬಡಿದವು. ಚಿಗವ್ವನ ರಂಜಕ, ಕುಟ್ಟಿದ ಕೆಂಪು ಮೆಣಸಿನಕಾಯಿ ಚಟ್ನಿ! ಚಿಗವ್ವ ಎಂದರೆ ನನ್ನ ಕಾಕಾನ ಹೆಂಡತಿ. ಮೊದಲೆಲ್ಲ ಅವಳು ಕಳಿಸುತ್ತಿದ್ದ ಭರಣಿ ವರ್ಷವಿಡೀ ಬರುತ್ತಿತ್ತು. ಈಗ ಎರಡು ಚಮಚ. ಇದು ಜಿಪುಣತನವಲ್ಲ, ಕೇಳಿ.

ಎರಡು ವರ್ಷದ ಹಿಂದೆ ಕಾಕಾನ ಕಾಲು ಬಾತವು. ಕಿಡ್ನಿ ಸೋತಿವೆ, ಉಪ್ಪು ಕಡಿಮೆ ಮಾಡದಿದ್ದರೆ ಡಯಾಲಿಸಿಸ್ ದೂರವಿಲ್ಲ ಎಂದರು ಹಾವೇರಿಯ ಡಾಕ್ಟರು. ಅಂದಿನಿಂದಲೇ ಚಿಗವ್ವ ಅವನ ಪಲ್ಯ, ಸಾರಿಗೆ ಉಪ್ಪು ನಿಲ್ಲಿಸಿದಳು. ಕಾಕಾ ಸನ್ಯಾಸ ತೆಗೆದುಕೊಂಡವನಂತೆ ಕಂಡಕಂಡವರಿಗೆ "ಉಪ್ಪು ಬಿಟ್ಟೇನಪಾ" ಎನ್ನುತ್ತಿದ್ದ. ಆ ಸಪ್ಪೆ ಪಲ್ಯ ನನ್ನಿಂದ ನೋಡಲಾಗಲಿಲ್ಲ. ಹೋದಾಗಲೆಲ್ಲ ಮಾವಿನ ಉಪ್ಪಿನಕಾಯಿ ಒಯ್ದುಕೊಟ್ಟೆ.

ಮೂರು ತಿಂಗಳಾದರೂ ಕಾಲಿನ ಬಾವು ಇಳಿಯಲಿಲ್ಲ. ಹಾವೇರಿಗೆ ಈ ಸಲ ನಾನೂ ಜೊತೆಗೆ ಹೋದೆ. ಅಲ್ಲಿ ಪಥ್ಯ ಹೇಳುವ ಹುಡುಗಿ ಕೇಳಿದಳು: "ಅಜ್ಜಾರ, ರೊಟ್ಟಿಗೆ ಏನ್ ಹಚ್ಚಿಕೊಂತೀರಿ?"

"ಏನಿಲ್ಲವಾ. ಒಂದೀಟು ರಂಜಕ, ಉಪ್ಪಿನಕಾಯಿ, ಶೇಂಗಾ ಚಟ್ನಿ, ಎರಡು ಹಪ್ಪಳ. ಪಲ್ಯೆ ಸಪ್ಪಗಿರತೈತಿ ನೋಡು, ಅದಕ್ಕ."

"ಉಪ್ಪು ಬಿಟ್ಟೇನಿ ಅಂದ್ರಲ್ರೀ!"

"ಬಿಟ್ಟೇನಲ್ಲ! ಅವೇನ್ ಅಡಗೀನವಾ? ತಾಟಿನ ಅಂಚಿಗೆ ಇರೋವು."

ನಮ್ಮ ಕಡೆ ಎಣಿಕೆಯೇ ಹಾಗೆ. ರೊಟ್ಟಿ, ಪಲ್ಯ, ಅನ್ನ, ಸಾರು ಊಟ. ಅಂಚಿನಲ್ಲಿ ಕೂತದ್ದನ್ನು ಯಾರೂ ಊಟವೆನ್ನುವುದಿಲ್ಲ. ಹುಡುಗಿ ಮಾತ್ರ ಅಂಚನ್ನೂ ಬಿಡಲಿಲ್ಲ.

"ಬಿಟ್ಟ ಉಪ್ಪೆಲ್ಲಾ ಅಲ್ಲೇ ಕುಂತೈತ್ರಿ. ಉಪ್ಪಿನಕಾಯಿ ಮನ್ಯಾಗ ಮಾಡಿದ್ದಾ?"

ಕಾಕಾ ನನ್ನತ್ತ ಬೆರಳು ಮಾಡಿದ. "ಇಂವಾ ತಂದುಕೊಡ್ತಾನ. ಭಾಳ ಚಲೋ ಮನಶ್ಯಾ."

ಚಲೋ ಮನುಷ್ಯ ಗೋಡೆಯ ಕ್ಯಾಲೆಂಡರ್ ಓದತೊಡಗಿದ.

ಸುದ್ದಿ ಕೇಳಿ ಚಿಗವ್ವ ಸಿಡಿದೆದ್ದಳು. "ನನ್ನ ರಂಜಕಕ್ಕ ಹೆಸರಿಡ್ತೀರೇನ? ಉಪ್ಪಿಲ್ಲಂದ್ರ ಅದು ಎಲ್ಲಿ ಉಳೀತೈತಿ?"

"ಅದು ಉಳದು ಏನ್ ಮಾಡೋದೈತಿ?" ಎಂದ ಕಾಕಾ, ಮೆಲ್ಲಗೆ. "ನಾ ಉಳೀಬೇಕಲ್ಲ."

ಮರುದಿನದಿಂದ ಆ ಮನೆಯಲ್ಲಿ ಮುಂಜಾನೆ ಕುಟ್ಟುವ ಸದ್ದು. ನೆನೆಸಿದ ನಾಲ್ಕು ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೇಲೊಂದಿಷ್ಟು ನಿಂಬೆ, ಉಪ್ಪು ಇಲ್ಲ. ಅಂದಿನದು ಅಂದಿಗೇ ಮುಗಿಯಬೇಕು. ಹುಡುಗಿ ಹೇಳಿದ ಅಳತೆಯಲ್ಲಿ ಪಲ್ಯಕ್ಕೆ ಚಿಟಿಕೆ ಉಪ್ಪು ಮರಳಿತು, ಭರಣಿ ಅಟ್ಟ ಸೇರಿತು. ನಿಧಾನಕ್ಕೆ ಕಾಕಾನ ಕಾಲು ಮತ್ತೆ ಚಪ್ಪಲಿಗೆ ಹಿಡಿಸಿತು. ಡಾಕ್ಟರು ಡಯಾಲಿಸಿಸ್ ಮಾತೆತ್ತಿಲ್ಲ, ಸದ್ಯಕ್ಕೆ.

ಡಬ್ಬಿ ಕೈಯಲ್ಲಿರುವಾಗಲೇ ಚಿಗವ್ವನ ಫೋನು. "ಮುಟ್ಟಿತೇನೋ? ನಿನಗೂ ಬಿಪಿ ಬಂದೈತಂತ. ಇವತ್ತ ಮುಗಸು, ನಾಳಿಗಿ ಇಡಬ್ಯಾಡ." ಹಿಂದಿನಿಂದ ಕಾಕಾನ ದನಿ: "ತಾಟಿನ ಅಂಚಿಗೆ ಏನೇನೈತಿ ಕೇಳ ಅಂವನ್ನ!"

ರೊಟ್ಟಿ ಮುರಿದು ಹಚ್ಚಿಕೊಂಡೆ. ಏನೋ ಕಡಿಮೆ ಎನ್ನಿಸಿ ಕೈ ಉಪ್ಪಿನಕಾಯಿಯತ್ತ ಹೊರಟಿತ್ತು; ಹಿಂದಕ್ಕೆ ಕರೆದೆ. ಮೂರನೆಯ ತುತ್ತಿಗೆ ನಾಲಿಗೆ ರಾಜಿಯಾಯಿತು.

ಬಂದ ಡಬ್ಬಿಯನ್ನು ಖಾಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ತೊಳೆದು ಒರೆಸಿ, ಎರಡು ನಿಂಬೆಹಣ್ಣು ಹಾಕಿಟ್ಟಿದ್ದೇನೆ.