ಹತ್ತು ಸಾವಿರದ ಏಳು

ಬೆನ್ನ ಹಿಂದೆ ಎಲ್ಲರೂ ಅವರನ್ನು ಭಾಗಾಕಾರದ ಮೇಷ್ಟ್ರು ಎನ್ನುತ್ತಿದ್ದರು. ಮೆಟ್ಟಿಲು, ಕಿಟಕಿಯ ಸರಳು, ಬಸ್ಸಿನ ಸೀಟು, ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸಿ ಭಾಗಿಸದಿದ್ದರೆ ಅವರಿಗೆ ಸಮಾಧಾನವಿಲ್ಲ. ಹೆಂಡತಿಯ ಮನಸ್ಸಿನಲ್ಲಿ ಏನಿದೆ ಎಂದು ಮಾತ್ರ ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಲೆಕ್ಕ ಹಾಕಿದವರಲ್ಲ.

ಆಕೆ ಬಟನ್ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸದವಳು. ಊರಿಗೆ ನೂರು ವರ್ಷ ತುಂಬಿದ್ದಕ್ಕೆ ಜನ ಮೈದಾನದಲ್ಲಿ ಸಾಲಾಗಿ ನಿಂತು, ಬಣ್ಣದ ಹಲಗೆ ಎತ್ತಿ ಚಿತ್ರ ಮೂಡಿಸುವ ಕಾರ್ಯಕ್ರಮವಿತ್ತು. ಆರು ತಿಂಗಳು ಊದಿದ ಮೊಣಕಾಲಿನಲ್ಲೇ ಅಭ್ಯಾಸಕ್ಕೆ ಹೋದಳು. ತನಗೆಂದು ಅವಳು ಬಯಸಿದ್ದು ಅದೊಂದೇ.

ತಲೆ ಎಣಿಸುವ ಕೆಲಸ ಮೇಷ್ಟ್ರದು. ಕಾರ್ಯಕ್ರಮದ ಹಿಂದಿನ ದಿನ ಎಣಿಸಿದರೆ ಹತ್ತು ಸಾವಿರದ ಏಳು. ಎರಡರಿಂದ ತೊಂಬತ್ತೇಳರವರೆಗಿನ ಇಪ್ಪತ್ತೈದು ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಿದರು. ಪ್ರತಿಸಲವೂ ಶೇಷ ಉಳಿಯಿತು. ಮೇಷ್ಟ್ರು ಹಿರಿಹಿರಿ ಹಿಗ್ಗಿದರು.

"ಸಾರ್, ಐದಂಕಿಯ ಅವಿಭಾಜ್ಯಗಳಲ್ಲೇ ಚಿಕ್ಕದು ಇದು! ಯಾವುದಕ್ಕೂ ಬಗ್ಗಲ್ಲ!"

"ಅದನ್ನ ಮನೇಲಿ ಮುದ್ದಾಡಿ," ಎಂದ ಕಾರ್ಯಕ್ರಮದ ನಿರ್ದೇಶಕ. "ನನಗೆ ಎಲ್ಲ ಸಾಲೂ ಸಮ ಬೇಕು. ಒಬ್ಬರನ್ನ ತೆಗೀರಿ."

"ಒಬ್ಬರನ್ನ ತೆಗೆದ್ರೆ ಐದು ಸಾವಿರದ ಮೂರು ಜನರ ಎರಡೇ ಸಾಲು ಆಗತ್ತೆ. ಇಬ್ಬರನ್ನ ತೆಗೆದ್ರೆ ಎಂಬತ್ತೇಳು ಸಾಲು, ಸಾಲಿಗೆ ನೂರಾ ಹದಿನೈದು."

"ಆ ಇಬ್ಬರು ಯಾರು ಅಂತ ನೀವೇ ಬರೆದುಕೊಡಿ."

ಮೊದಲು ಕೈ ನಡುಗುವ ಮುದಿ ಕ್ಷೌರಿಕನ ಹೆಸರು ಬರೆದರು. ಇನ್ನೊಬ್ಬರು? ಯಾರನ್ನು ತೆಗೆದರೂ ಅವರ ಕಡೆಯವರು ಜಗಳಕ್ಕೆ ಬರುತ್ತಾರೆ. ಜಗಳಕ್ಕೆ ಬಾರದವಳು ಒಬ್ಬಳೇ. ಅವಳ ಹೆಸರು ಬರೆದರು. "ಮನೆಯವರನ್ನೇ ತೆಗೆದ್ರಲ್ಲ, ಎಂಥ ನ್ಯಾಯವಂತರು!" ಎಂದು ಜನ ಹೊಗಳಿದರು. ಹೇಡಿತನಕ್ಕೆ ಅಂಥ ಒಳ್ಳೆಯ ಹೆಸರು ಸಿಕ್ಕಿದ್ದು ಮೇಷ್ಟ್ರಿಗೂ ಹಿತವಾಗಿತ್ತು.

ಸಂಜೆ ಮನೆಗೆ ಬಂದಾಗ ಅವಳು ನೀಲಿ ಉಡುಪಿಗೆ ಇಸ್ತ್ರಿ ಹಾಕುತ್ತಿದ್ದಳು. ವಿಷಯ ಕೇಳಿ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟಳು.

"ಅಲ್ರೀ, ಇಬ್ಬರನ್ನ ತೆಗೆಯೋ ಬದಲು ಒಬ್ಬರನ್ನ ಸೇರಿಸಿದ್ರೆ ಆಗಲ್ವಾ? ನೀವೇ ಬಂದು ನಿಂತ್ಕೋಬಹುದಲ್ಲ."

ಮೇಷ್ಟ್ರು ಅಂಗೈ ಮೇಲೆ ಬೆರಳಾಡಿಸಿದರು. ಹತ್ತು ಸಾವಿರದ ಎಂಟು. ಎಪ್ಪತ್ತೆರಡು ಸಾಲು, ಸಾಲಿಗೆ ನೂರಾ ಮೂವತ್ತೊಂಬತ್ತು. ಒಬ್ಬರೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಎಲ್ಲರನ್ನೂ ಎಣಿಸಿದವರಿಗೆ ತಮ್ಮನ್ನು ಸೇರಿಸಿಕೊಳ್ಳುವುದು ಹೊಳೆದಿರಲಿಲ್ಲ. ನಿರ್ದೇಶಕನ ಮನೆ ಎರಡು ಬೀದಿಯಾಚೆ ಇತ್ತು, ಹೊತ್ತೂ ಮೀರಿರಲಿಲ್ಲ. ಆದರೆ ಹೋದರೆ, ಲೆಕ್ಕದಲ್ಲಿ ನಾನು ಎಡವಿದೆ ಎಂದು ಬಾಯಿಬಿಟ್ಟು ಹೇಳಬೇಕು.

"ಆಗಲ್ಲ," ಎಂದರು. "ಶೇಷ ಉಳಿಯತ್ತೆ."

"ಹೌದಾ. ನನಗೆಲ್ಲಿ ಗೊತ್ತಾಗ್ಬೇಕು ಇವೆಲ್ಲ," ಎಂದು ಅವಳು ಉಡುಪು ಮಡಿಸಿದಳು.

ಮರುದಿನ ಇಬ್ಬರೂ ಮೈದಾನದಂಚಿನ ಗ್ಯಾಲರಿಯಲ್ಲಿ ಕೂತು ನೋಡಿದರು. ಹಲಗೆಗಳು ಒಮ್ಮೆಲೇ ಎದ್ದವು. ಎಲ್ಲೂ ಒಂದು ಸಂದಿಲ್ಲ. ಅವಳು ಕಣ್ಣೊರೆಸಿಕೊಂಡು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಗಂಡನ ಕಡೆ ಬಾಗಿದಳು.

"ನೀವು ಹೇಳಿದ್ದೇ ಸರಿ ರೀ. ನಾನು ನಿಂತಿದ್ರೆ ಹಾಳಾಗ್ತಿತ್ತು."